ಯಾರ್ಡಿನಲ್ಲಿ ಜಾಗ ಕಾಣುತ್ತದೆ, ಆದರೂ ‘ಫುಲ್’ ಯಾಕೆ?

ಪ್ರಶ್ನೆ: ಗೇರುಬೀಜದ ವ್ಯವಹಾರದವನು ನಾನು. ಕಂಟೇನರ್ ಯಾರ್ಡಿಗೆ ಹೋದಾಗ ಖಾಲಿ ಜಾಗ ಕಣ್ಣಿಗೇ ಕಾಣುತ್ತದೆ. ಆದರೂ ಕೆಲವೊಮ್ಮೆ ‘ಫುಲ್’ ಅನ್ನುತ್ತಾರೆ. ಟರ್ಮಿನಲ್ ಸಾಮರ್ಥ್ಯವನ್ನು ಹೇಗೆ ಲೆಕ್ಕ ಹಾಕುತ್ತಾರೆ?
– ಓದುಗರು, ಬೈಕಂಪಾಡಿ

ಉತ್ತರ: ಆ ಖಾಲಿ ಜಾಗ ಕೆಲಸಕ್ಕೆ ಬೇಕೇ ಬೇಕು. ನಾಲ್ಕು ಪೆಟ್ಟಿಗೆ ಒಂದರ ಮೇಲೊಂದಿವೆ, ನಿಮ್ಮದು ತಳದಲ್ಲಿದೆ ಅಂದುಕೊಳ್ಳಿ. ಅದನ್ನು ಲಾರಿಗೆ ಏರಿಸಲು ಮೇಲಿನ ಮೂರನ್ನು ಎತ್ತಿ ಪಕ್ಕಕ್ಕಿಡಬೇಕು. ಪಕ್ಕವೂ ತುಂಬಿದ್ದರೆ ಎಲ್ಲಿಡುವುದು? ಅದಕ್ಕೇ ಯಾರ್ಡು ಪೂರ್ತಿ ತುಂಬುತ್ತದೆ ಎಂದು ಯಾರೂ ಲೆಕ್ಕ ಹಿಡಿಯುವುದಿಲ್ಲ.

ಒಂದು ಉದಾಹರಣೆ ನೋಡಿ. ನೆಲದಲ್ಲಿ 1,000 ಜಾಗ, ನಾಲ್ಕು ಅಂತಸ್ತು, ಬಳಕೆ ಶೇ 65. ಅಂದರೆ ಒಂದು ಹೊತ್ತಿಗೆ 20 ಅಡಿಯ 2,600 ಪೆಟ್ಟಿಗೆ. ಪೆಟ್ಟಿಗೆಯೊಂದು ಸರಾಸರಿ 5 ದಿನ ಕೂತರೆ ಅದೇ ಜಾಗ ವರ್ಷಕ್ಕೆ 73 ಸಲ ಸಿಗುತ್ತದೆ. ವರ್ಷದ ಸಾಮರ್ಥ್ಯ ಸುಮಾರು 1.9 ಲಕ್ಷ. ಆ 5 ದಿನ 7 ಆದರೆ? 1.36 ಲಕ್ಷಕ್ಕೆ ಇಳಿಯುತ್ತದೆ! ಒಂದಡಿ ನೆಲ ಕಡಿಮೆಯಾಗಿಲ್ಲ, ಕ್ರೇನ್ ಕೆಟ್ಟಿಲ್ಲ. ಪೆಟ್ಟಿಗೆ ಎರಡು ದಿನ ಜಾಸ್ತಿ ಕೂತಿತು, ಅಷ್ಟೇ.

ಹಡಗು ನಿಲ್ಲುವ ಬರ್ತಿನ ಲೆಕ್ಕ ಬೇರೆ. ಅಲ್ಲಿ ಬಳಸುವುದು ಸರತಿ ಸಾಲಿನ ಗಣಿತ. ಡೆನ್ಮಾರ್ಕಿನ ಎರ್ಲಾಂಗ್ 1909ರಲ್ಲಿ ಟೆಲಿಫೋನ್ ಕರೆಗಳಿಗಾಗಿ ಶುರು ಮಾಡಿದ್ದು ಅದು. ಒಂದೇ ಬರ್ತು, ಹಡಗುಗಳು ಹೇಗೆಂದರೆ ಹಾಗೆ ಬರುತ್ತವೆ ಎನ್ನುವ ಸರಳ ಮಾದರಿಯಲ್ಲಿ, ಬರ್ತು ಶೇ 50 ಹೊತ್ತು ತುಂಬಿದ್ದರೆ, ಸರಕು ಇಳಿಸಲು ಎಷ್ಟು ಹೊತ್ತೋ ಸರಾಸರಿ ಅಷ್ಟೇ ಹೊತ್ತು ಕಾಯಬೇಕು. ಶೇ 80 ಆದರೆ ನಾಲ್ಕು ಪಟ್ಟು, ಶೇ 90ಕ್ಕೆ ಒಂಬತ್ತು ಪಟ್ಟು. ನಿಗದಿತ ಮಾರ್ಗದಲ್ಲಿ ಓಡಾಡುವ ಲೈನರ್ ಹಡಗುಗಳಿಗೆ ವೇಳಾಪಟ್ಟಿ ಇರುವುದರಿಂದ ವಾಸ್ತವದಲ್ಲಿ ಇಷ್ಟಾಗುವುದಿಲ್ಲ. ಆದರೆ ಕೊನೆಕೊನೆಗೆ ಕಾಯುವಿಕೆ ದಿಢೀರನೆ ಏರುವುದು ಮಾತ್ರ ಖಂಡಿತ.

ಗೇಟಿಗೂ ಹೀಗೇ ಒಂದು ಲೆಕ್ಕವಿದೆ. ಬರ್ತು, ಯಾರ್ಡು, ಗೇಟು ಈ ಮೂರರಲ್ಲಿ ಯಾವುದು ಕಡಿಮೆಯೋ ಅದೇ ಟರ್ಮಿನಲ್‌ನ ಸಾಮರ್ಥ್ಯ.

ವರ್ಷದ ಸರಾಸರಿಯನ್ನೇ ನಂಬಿ ಕೂರುವುದು ಮಂಗಳೂರಿನ ಬಂದರು ಇರುವ ನಮ್ಮ ಪಣಂಬೂರಿನಂಥ ಕಡೆ ಸಾಲದು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಲಾರಿಗಳು ನಿಲ್ಲುತ್ತವೆ. ಬೆಂಗಳೂರು ಕಡೆಗೆ ಹೋಗಬೇಕಾದ ಪೆಟ್ಟಿಗೆ ಯಾರ್ಡಿನಲ್ಲೇ ಉಳಿಯುತ್ತದೆ. ಇತ್ತ ಕಾಫಿ ಕೊಯ್ಲು ಮುಗಿದ ಮೇಲೆ ರಫ್ತು ಒಮ್ಮೆಲೇ ನುಗ್ಗುತ್ತದೆ. ಹಾಗಾಗಿ ತಿಂಗಳುವಾರು ಲೆಕ್ಕ ಹಾಕಲೇಬೇಕು. ಕಂಪ್ಯೂಟರಿನಲ್ಲಿ ಇಡೀ ಟರ್ಮಿನಲ್ ಓಡಿಸಿ ನೋಡುವ ಸಿಮ್ಯುಲೇಷನ್ ಇದಕ್ಕೆ ತುಂಬ ಸಹಾಯಕ.

ಯಾರ್ಡು ದೊಡ್ಡದು ಮಾಡಿ ಎಂದು ಕೇಳುವುದಕ್ಕೆ ಮೊದಲು, ಪೆಟ್ಟಿಗೆ ಸರಾಸರಿ ಎಷ್ಟು ದಿನ ಕೂರುತ್ತಿದೆ ಎಂದು ನೀವೆಲ್ಲ ಸೇರಿ ಕೇಳಿ. ನಿಮ್ಮ ಕಡೆಯ ಕಾಗದಪತ್ರ ಹಡಗು ಬರುವ ಮೊದಲೇ ತಯಾರಿದ್ದರೆ ಆ ಸಂಖ್ಯೆ ಇಳಿಯುತ್ತದೆ.