ಸಾಯುವ ಮುನ್ನ ತೀರಿಹೋದವರು ಕಾಣುವುದು ಬರೀ ಭ್ರಮೆಯೇ?

ಕೊನೆಯ ವಾರದಲ್ಲಿ ತಾಯಿ ಎಂದೋ ತೀರಿಹೋದ ಅಣ್ಣನೊಂದಿಗೆ ಮಾತನಾಡುತ್ತಿದ್ದರು, ಅದು ಭ್ರಮೆಯೇ ಎಂದು ಕೇಳಿದ್ದೀರಿ.

ವಿಜಯಪುರದಲ್ಲಿ ವೈದ್ಯನಾಗಿ ಇಂಥದ್ದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಸನ್ನಿ ಹಿಡಿದ ರೋಗಿ ಬೆದರುತ್ತಾನೆ, ಸಲೈನ್ ನಳಿಕೆ ಕೀಳುತ್ತಾನೆ, ಮನೆಯವರನ್ನೇ ಗುರುತಿಸುವುದಿಲ್ಲ. ಇದು ಹಾಗಲ್ಲ. ಬಾಗಿಲ ಕಡೆ ನೋಡಿ ‘ಅಣ್ಣ ಬಂದಿದ್ದಾನೆ, ಕೂರಲು ಜಾಗ ಕೊಡಿ’ ಎನ್ನುವ ಅಜ್ಜಿ ಮರುಕ್ಷಣವೇ ಸೊಸೆಯನ್ನು ಹೆಸರು ಹಿಡಿದು ಕರೆದು ನೀರು ಕೇಳುತ್ತಾರೆ. ಮುಖದಲ್ಲಿ ಅಂಜಿಕೆಯ ಸುಳಿವೂ ಇರುವುದಿಲ್ಲ. ಆಗ ‘ಅಲ್ಲಿ ಯಾರೂ ಇಲ್ಲ’ ಎಂದು ವಾದಿಸಬೇಡಿ ಎಂದೇ ಮನೆಯವರಿಗೆ ಹೇಳುತ್ತೇನೆ.

ಹೃದಯ ನಿಂತು ಬದುಕಿ ಬಂದವರ ಮಾತು ಬೇರೆ. ನೆದರ್ಲೆಂಡ್ಸ್‌ನ ವೈದ್ಯರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ 344 ರೋಗಿಗಳ ಪೈಕಿ 62 ಮಂದಿ ಸಾವಿನಂಚಿನ ಅನುಭವ, ಅಂದರೆ ದೇಹದಿಂದ ಹೊರಬಂದಂತೆ, ಬೆಳಕು ಕಂಡಂತೆ ಆದದ್ದನ್ನು ಹೇಳಿಕೊಂಡರು. ಮಿದುಳಿಗೆ ಆಮ್ಲಜನಕ ಕಡಿಮೆಯಾದದ್ದೇ ಕಾರಣವಾದರೆ ಉಳಿದವರಿಗೇಕೆ ಆಗಲಿಲ್ಲ? ಹಾಗೆಂದು ಇದನ್ನು ಪರಲೋಕಕ್ಕೆ ಪುರಾವೆ ಎನ್ನಲಾರೆ. ಅವರೆಲ್ಲ ಮರಳಿ ಬಂದವರು.

ಇನ್ನು ನಿಮ್ಮ ದುಃಖ. ನಮ್ಮ ಸಿದ್ಧೇಶ್ವರ ಸ್ವಾಮೀಜಿ ಸ್ಮಾರಕವೂ ಬೇಡವೆಂದು ಮೊದಲೇ ಬರೆದಿಟ್ಟಿದ್ದರು. ಆದರೂ 2023ರ ಜನವರಿಯಲ್ಲಿ ಅವರು ದೇಹ ಬಿಟ್ಟಾಗ ಊರೇ ಅತ್ತಿತು. ನೀವೂ ಅತ್ತುಬಿಡಿ. ವಾರಗಳು ಕಳೆದರೂ ಊಟ, ನಿದ್ರೆ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಿ.