ಜೋಳದ ರೊಟ್ಟಿಯ ಜೊತೆ ಜರ್ಮನಿಯ ವೈನ್

ಪ್ರಶ್ನೆ: ಮಗ ಜರ್ಮನಿಯಿಂದ ಬರುವಾಗ ಒಂದು ಬಾಟಲಿ ಬಿಳಿ ವೈನ್ ತಂದಿದ್ದಾನೆ. ಚೀಟಿಯ ಮೇಲೆ ‘ಮೋಸೆಲ್, ರೀಸ್ಲಿಂಗ್, ಟ್ರೋಕನ್’ ಎಂದಿದೆ. ಭಾನುವಾರ ಬೀಗರು ಊಟಕ್ಕೆ ಬರುತ್ತಾರೆ. ನಮ್ಮದು ಸಸ್ಯಾಹಾರಿ ಮನೆ. ಚೀಸ್ ತರಿಸಬೇಕೇ? ಕೊನೆಯಲ್ಲಿ ಪೇಡೆಯ ಜೊತೆ ಕೊಡಬಹುದೇ?
– ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಪೇಡೆಯ ಜೊತೆ ಖಂಡಿತ ಬೇಡ. ಚೀಟಿಯಲ್ಲಿ ಮೋಸೆಲ್ ಎಂದರೆ ದ್ರಾಕ್ಷಿ ಬೆಳೆದ ನದಿ ಪ್ರದೇಶ, ರೀಸ್ಲಿಂಗ್ ಎಂದರೆ ದ್ರಾಕ್ಷಿಯ ತಳಿ, ಟ್ರೋಕನ್ ಎಂದರೆ ಸಿಹಿಯಿಲ್ಲದ್ದು. ಜರ್ಮನಿಯಲ್ಲಿ ‘ಟ್ರೋಕನ್’ ಎಂದು ಬರೆಯಬೇಕಾದರೆ ಲೀಟರಿಗೆ ಹೆಚ್ಚೆಂದರೆ 9 ಗ್ರಾಂ ಸಕ್ಕರೆ ಉಳಿದಿರಬಹುದು. ಅದಕ್ಕೆ ತಕ್ಕಷ್ಟು ಹುಳಿಯೂ ಇರಲೇಬೇಕು. ಬಾಯಲ್ಲಿ ಧಾರವಾಡ ಪೇಡೆಯ ಸಿಹಿ ಇರುವಾಗ ಇದನ್ನು ಕುಡಿದರೆ ಬರೀ ಹುಳಿನೀರಿನಂತೆ ತೋರುತ್ತದೆ. ಪೇಡೆಗೂ ಅನ್ಯಾಯ, ವೈನ್‌ಗೂ ಅನ್ಯಾಯ.

ಚೀಸ್ ಹುಡುಕಿಕೊಂಡು ಅಲೆಯುವುದೂ ಬೇಡ. ನಾನು ಜರ್ಮನಿಯ ಮೈಂಜ್ ನಗರದ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸ ಮಾಡಿದವನು. ಅಲ್ಲಿನವರು ವಸಂತದಲ್ಲಿ ಬಿಳಿ ಆಸ್ಪರಾಗಸ್ ದಂಟನ್ನು ಬೇಯಿಸಿ, ಬೆಣ್ಣೆಯ ಸಾಸ್ ಸುರಿದುಕೊಂಡು, ಇಂಥದೇ ಸಿಹಿಯಿಲ್ಲದ ಬಿಳಿ ವೈನ್ ಜೊತೆ ತಿನ್ನುತ್ತಾರೆ. ಜೂನ್ 24ಕ್ಕೆ ಆ ದಂಟಿನ ಸುಗ್ಗಿ ಮುಗಿಯುತ್ತದೆ. ಬೆಣ್ಣೆಯ ಜಿಡ್ಡನ್ನು ವೈನ್‌ನ ಹುಳಿ ತೊಳೆದುಬಿಡುತ್ತದೆ, ಮುಂದಿನ ತುತ್ತಿಗೆ ನಾಲಿಗೆ ಸಿದ್ಧವಾಗುತ್ತದೆ. ಈ ಗುಣ ಗೊತ್ತಾದರೆ ನಮ್ಮ ಅಡುಗೆಯಲ್ಲೇ ಜೋಡಿ ಸಿಗುತ್ತದೆ.

ಬದನೆಕಾಯಿ ಎಣ್ಣೆಗಾಯಿಯನ್ನೇ ನೋಡಿ. ಶೇಂಗಾ, ಎಳ್ಳು, ಮೇಲೆ ತೇಲುವ ಎಣ್ಣೆ, ಒಳಗೆ ತುಸು ಹುಣಸೆಹುಳಿ. ರೀಸ್ಲಿಂಗ್‌ಗೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ತಿಳಿದಿಲ್ಲ. ಬೆಲ್ಲವನ್ನು ಮಾತ್ರ ಅರ್ಧಕ್ಕೆ ಇಳಿಸಿ. ಖಾರಕ್ಕೆ ಬ್ಯಾಡಗಿ ಮೆಣಸಿನಕಾಯಿ ಸಾಕು. ಬಣ್ಣ ಧಾರಾಳ, ಉರಿ ಕಡಿಮೆ. ಬಿಸಿ ಜೋಳದ ರೊಟ್ಟಿ, ಅದರ ಮೇಲೆ ಬೆಣ್ಣೆ, ಪಕ್ಕದಲ್ಲಿ ಹೆಸರುಬೇಳೆ ಕೋಸಂಬರಿ. ಕೋಸಂಬರಿಗೆ ನಿಂಬೆಹಣ್ಣನ್ನು ಕೈಬಿಚ್ಚಿ ಹಿಂಡಿ, ಏಕೆಂದರೆ ತಟ್ಟೆಯಲ್ಲಿ ಹುಳಿ ಇದ್ದರೆ ಲೋಟದ ಹುಳಿ ಮೃದುವಾಗುತ್ತದೆ. ಬೀಗರು ಊಟಕ್ಕೆ ಮೊದಲೇ ಬಂದು ಕುಳಿತರೆ ಗಿರಮಿಟ್ಟು ಕೊಡಿ, ಹಸಿಮೆಣಸಿನಕಾಯಿ ಕಡಿಮೆ ಹಾಕಿ. ಮಿರ್ಚಿ ಭಜಿ ಮಾಡುವ ಆಸೆಯಿದ್ದರೆ ಮೆಣಸಿನಕಾಯಿಯ ಬೀಜ ತೆಗೆಯಿರಿ.

ಬಾಟಲಿಯನ್ನು ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿಟ್ಟು, ಬಡಿಸುವ ಹದಿನೈದು ನಿಮಿಷ ಮೊದಲು ಹೊರತೆಗೆಯಿರಿ. 8ರಿಂದ 10 ಡಿಗ್ರಿ ಇದ್ದರೆ ಸರಿ. ಐಸ್ ತುಂಡು ಹಾಕಲು ಯಾರಿಗೂ ಬಿಡಬೇಡಿ. ಮೋಸೆಲ್ ನದಿಯ ದಂಡೆಯಲ್ಲಿ ಈ ದ್ರಾಕ್ಷಿ ಬೆಳೆಯುವುದು ಸ್ಲೇಟ್ ಕಲ್ಲಿನ ಕಡಿದಾದ ಇಳಿಜಾರಿನಲ್ಲಿ. ಬಹಳ ಕಡೆ ಯಂತ್ರ ಹತ್ತುವುದಿಲ್ಲ, ಕೈಯಿಂದಲೇ ಕೊಯ್ಯಬೇಕು. ಅಷ್ಟು ಬೆವರು ಸುರಿಸಿ ಮಾಡಿದ್ದಕ್ಕೆ ನೀರು ಬೆರೆಸುವುದನ್ನು ನನ್ನಿಂದ ನೋಡಲಾಗುವುದಿಲ್ಲ.

ಪ್ರಶ್ನೆ: ಸಾವಜಿ ಮಟನ್‌ಗೆ ರೀಸ್ಲಿಂಗ್ ಹೊಂದುತ್ತದೆಯೇ?
– ಓದುಗರೊಬ್ಬರು, ಗದಗ

ಉತ್ತರ: ಟ್ರೋಕನ್ ಹೊಂದುವುದಿಲ್ಲ. ಅದರಲ್ಲಿ ಸಾಮಾನ್ಯವಾಗಿ ಶೇಕಡಾ 12ರ ಆಸುಪಾಸು ಆಲ್ಕೋಹಾಲ್ ಇರುತ್ತದೆ, ಆಲ್ಕೋಹಾಲ್ ಖಾರದ ಉರಿಯನ್ನು ಹೆಚ್ಚಿಸುತ್ತದೆ. ಸಾವಜಿ ಮಸಾಲೆಯ ಖಾರ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಅದೇ ಮೋಸೆಲ್‌ನ ‘ಕಬಿನೆಟ್’ ಎಂಬ ಹಗುರ ಬಗೆಯ ರೀಸ್ಲಿಂಗ್ ಸಿಕ್ಕರೆ, ಚೀಟಿಯಲ್ಲಿ ಟ್ರೋಕನ್ ಎಂಬ ಪದ ಇಲ್ಲದ್ದನ್ನು ಆರಿಸಿ. ಅದರಲ್ಲಿ ಸಾಮಾನ್ಯವಾಗಿ ಸ್ವಲ್ಪ ಸಿಹಿ ಉಳಿದಿರುತ್ತದೆ, ಆಲ್ಕೋಹಾಲ್ 8–9ರಷ್ಟೇ ಇರುತ್ತದೆ. ಉರಿಯುವ ನಾಲಿಗೆಗೆ ಆ ಸಿಹಿ ಹಿತವಾಗುತ್ತದೆ. ಅದು ಸಿಗದಿದ್ದರೆ ಸಾವಜಿ ಊಟಕ್ಕೆ ವೈನ್ ಬೇಡ, ಮಜ್ಜಿಗೆಯೇ ಇರಲಿ.