ಕ್ಲಿನಿಕ್‌ನಲ್ಲಿ 152, ಮನೆಯಲ್ಲಿ 131: ಯಾವ ಬಿಪಿ ನಂಬಬೇಕು?

ನಿಮ್ಮ ಅಮ್ಮನ ಬಿಪಿ ಕ್ಲಿನಿಕ್‌ನಲ್ಲಿ 152/94 ಇತ್ತು, ಮನೆಯ ಹೊಸ ಮಷೀನ್ 131/82 ತೋರಿಸಿತು, ಐದು ನಿಮಿಷ ಬಿಟ್ಟು ನೋಡಿದರೆ 140/86. ಮಷೀನ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಕೆಟ್ಟಿರಲಿಕ್ಕಿಲ್ಲ. ಬಿಪಿ ಗಳಿಗೆಗೊಂದು ಥರ ಇರುತ್ತದೆ. ಮೆಟ್ಟಿಲು ಹತ್ತಿದರೆ ಏರುತ್ತದೆ, ಮೂತ್ರ ಕಟ್ಟಿಕೊಂಡು ಕೂತರೂ ಏರುತ್ತದೆ. ಡಾಕ್ಟರನ್ನು ನೋಡಿದ ಕೂಡಲೇ ಏರುವವರಂತೂ ಬಹಳ ಜನ. ಅದಕ್ಕೇ ಕ್ಲಿನಿಕ್‌ನಲ್ಲಿ 140/90 ದಾಟಿದರೆ ಜಾಸ್ತಿ ಅನ್ನುವ ಡಾಕ್ಟರುಗಳು, ಮನೆಯ ಲೆಕ್ಕಕ್ಕೆ ಸಾಮಾನ್ಯವಾಗಿ 135/85 ಇಟ್ಟುಕೊಳ್ಳುತ್ತಾರೆ.

ನಮ್ಮ ಅತ್ತೆಗೆ ಬಿಪಿ ನೋಡುವುದು ನನ್ನ ಕೆಲಸ. ಅವರು ಮಂಚದ ತುದಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ. ತೋಳಿಗೆ ಕಟ್ಟಿದ ಪಟ್ಟಿ ಬಿಗಿಯಾಗುತ್ತಿರುವಾಗಲೇ "ಹಾಲು ಉಕ್ಕತ್ತೆ, ನೋಡೇ" ಅಂತ ಅಡುಗೆಮನೆ ಕಡೆ ತಿರುಗುತ್ತಾರೆ. ಬರುವ ನಂಬರ್ ಅರ್ಧ ಹಾಲಿನದ್ದು! ಈ ಮಷೀನ್ ಡಾಕ್ಟರ ಹಾಗೆ ಶಬ್ದ ಕೇಳಿ ಬಿಪಿ ಹೇಳುವುದಿಲ್ಲ. ರಕ್ತನಾಳ ಬಡಿದಾಗ ಪಟ್ಟಿಯೊಳಗಿನ ಗಾಳಿ ಸಣ್ಣಗೆ ಅದುರುತ್ತದಲ್ಲ, ಅದನ್ನು ಹಿಡಿದು ಲೆಕ್ಕ ಹಾಕುತ್ತದೆ. ಕೈ ಅಲ್ಲಾಡಿದರೆ ಲೆಕ್ಕ ಕೆಡುತ್ತದೆ. ಮಾತಾಡಿದರೆ ಬಿಪಿಯೇ ಏರುತ್ತದೆ. ಹೃದಯದ ಬಡಿತ ಏರುಪೇರಾಗುವ ತೊಂದರೆ ಇರುವವರಲ್ಲಿ ಸುಮ್ನೆ ಕೂತರೂ ರೀಡಿಂಗ್ ಹೆಚ್ಚುಕಮ್ಮಿ ಬರಬಹುದು.

ಈಗ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸುತ್ತೇನೆ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲಿಲ್ಲ. ಐದು ನಿಮಿಷ ಟಿವಿ ಬಂದ್. ಕಾಫಿ ಕುಡಿದು ಅರ್ಧ ಗಂಟೆಯಾದರೂ ಆಗಿರಬೇಕು. ಕೈಯನ್ನು ಮೇಜಿನ ಮೇಲೆ ದಿಂಬಿಟ್ಟು ಎದೆಯ ಮಟ್ಟಕ್ಕೆ ತರಬೇಕು, ಕೆಳಗೆ ಜೋತುಬಿದ್ದರೆ ರೀಡಿಂಗ್ ಜಾಸ್ತಿ ಬರುತ್ತದೆ. ಪಟ್ಟಿ ಬರಿ ತೋಳಿಗೇ ಕಟ್ಟಿ, ಬಟ್ಟೆಯ ಮೇಲೆ ಬೇಡ.

ಪಟ್ಟಿಯ ಅಳತೆಯನ್ನು ಯಾರೂ ನೋಡುವುದೇ ಇಲ್ಲ. ಎಷ್ಟು ಸುತ್ತಳತೆಯ ತೋಳಿಗೆ ಅಂತ ಪಟ್ಟಿಯ ಮೇಲೇ ಸೆಂಟಿಮೀಟರಿನಲ್ಲಿ ಅಚ್ಚು ಹಾಕಿರುತ್ತಾರೆ. ಟೈಲರ್ ಟೇಪ್ ಹಿಡಿದು ಅಮ್ಮನ ತೋಳು ಅಳೆಯಿರಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿಯೂ ಕಾಣಿಸುತ್ತದೆ. ಮಣಿಕಟ್ಟಿಗೆ ಕಟ್ಟುವ ಮಷೀನ್ ಆಗಿದ್ದರೆ ತೋಳಿನದ್ದಕ್ಕೆ ಬದಲಾಯಿಸುವುದೇ ಒಳ್ಳೆಯದು.

ಇನ್ನು ಯಾವುದನ್ನು ನಂಬುವುದು? ಒಂದೇ ರೀಡಿಂಗನ್ನಂತೂ ಅಲ್ಲ. ಒಂದು ವಾರ ಬೆಳಿಗ್ಗೆ ತಿಂಡಿ, ಮಾತ್ರೆಗೆ ಮೊದಲು ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು ನೋಡಿ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಚೆನ್ನಾಗಿ ಬಂದದ್ದನ್ನು ಮಾತ್ರ ಬರೆಯುವ ಚಾಳಿ ನಮ್ಮ ಮನೆಯಲ್ಲೂ ಇದೆ. ಹಾಗೆ ಮಾಡಬೇಡಿ, ಎಲ್ಲಾ ಬರೆಯಿರಿ. ಶುರುವಿನಲ್ಲಿ ಒಮ್ಮೆ ಎರಡೂ ತೋಳಿಗೆ ನೋಡಿ, ಜಾಸ್ತಿ ಬಂದ ತೋಳಿನಲ್ಲೇ ಮುಂದುವರಿಸಿ.

ಆ ಹಾಳೆಯ ಜೊತೆ ಮಷೀನನ್ನೂ ಡಾಕ್ಟರ ಹತ್ತಿರ ಒಯ್ಯಿರಿ. ಅವರದರ ಪಕ್ಕದಲ್ಲೇ ಇಟ್ಟು ನೋಡಿದರೆ ನಿಮ್ಮ ಅನುಮಾನ ಅಲ್ಲೇ ಬಗೆಹರಿಯುತ್ತದೆ. ಅಲ್ಲಿಯವರೆಗೆ ಮಾತ್ರೆ ನಿಲ್ಲಿಸುವುದು, ಹೆಚ್ಚಿಸುವುದು ಎರಡೂ ಬೇಡ.

180/120 ದಾಟಿದರೆ ಐದು ನಿಮಿಷ ಕೂರಿಸಿ ಮತ್ತೆ ನೋಡಿ. ಆಗಲೂ ಅಷ್ಟೇ ಇದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಜೊತೆಗೆ ಎದೆನೋವು, ಉಬ್ಬಸ, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು, ಇದರಲ್ಲಿ ಯಾವುದಾದರೂ ಇದ್ದರೆ ಮತ್ತೆ ಅಳೆಯುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ.